ಹಡಗು ಹತ್ತುವ ಮೊದಲು ನಮ್ಮದೇ ಬಂದರುಗಳು: ಕಾರವಾರದಿಂದ ಭಟ್ಕಳದವರೆಗೆ

ಹಡಗಿನ ಪ್ರವಾಸ ಆರಿಸುವಾಗ ಎಷ್ಟು ಊರು ತೋರಿಸುತ್ತಾರೆ ಅಂತ ನೋಡಬಾರದು, ಒಂದೊಂದು ಊರಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಅಂತ ನೋಡಬೇಕು. ಇದು ನನ್ನ ಹೆಂಡತಿಯ ಸೋದರಮಾವನ ಮಾತು. ಕಾರವಾರದ ಕೋಡಿಬಾಗದಲ್ಲಿ ಅವರ ಮನೆ. ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದವರು. ನಾವಿಬ್ಬರೂ ಕ್ರೂಸ್ ಹೋಗಬೇಕು ಅಂತ ಮೂರು ಪ್ಯಾಕೇಜ್ ಮುಂದಿಟ್ಟುಕೊಂಡು, ಯಾವುದೂ ತೀರ್ಮಾನ ಆಗದೆ ಕೂತಿದ್ದೆವು. ಆಗ ಮಾವ ಫೋನಿನಲ್ಲಿ ಹೇಳಿದರು, "ದುಡ್ಡು ಕಟ್ಟೂಕಿಂತ ಮೊದ್ಲು ಇಲ್ಲಿಗೆ ಬನ್ನಿ. ಬಂದರಿಂದ ಬಂದರಿಗೆ ಭಟ್ಕಳದವರೆಗೆ ಹೋಗಿ ಬರ್ವ. ನಿಮಗೆ ಎಂತ ಬೇಕು ಅಂತ ಆಗ ನಿಮಗೇ ಗೊತ್ತಾಗ್ತದೆ."

ಮೂರು ಪ್ಯಾಕೇಜ್ ಹೀಗಿದ್ದವು. ಒಂದು, ಮುಂಬೈನಿಂದ ಹೊರಟು ಗೋವಾ ಮುಟ್ಟಿ ವಾಪಸ್. ಎರಡನೆಯದು ಸಿಂಗಾಪುರದಿಂದ ಪೋರ್ಟ್ ಕ್ಲಾಂಗ್, ಪೆನಾಂಗ್, ಫುಕೆಟ್ ಸುತ್ತಿ ಬರುವುದು. ಮೂರನೆಯದು ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಹಡಗಿನಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್. ಹೆಂಡತಿಗೆ ಎರಡನೆಯದರ ಮೇಲೆ ಮನಸ್ಸು, ಒಂದೇ ಸುತ್ತಿನಲ್ಲಿ ಮೂರು ದೇಶ ಅಂತ. ನನಗೆ ಮೊದಲನೆಯದು ಸಾಕು ಅನಿಸಿತ್ತು.

ಶುಕ್ರವಾರ, ಕಾರವಾರ

ಶಿರಸಿಯಿಂದ ಬಾಡಿಗೆ ಕಾರು ಮಾಡಿಕೊಂಡು ಬೆಳಗ್ಗೆಯೇ ಹೊರಟೆವು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಮಂಜು ಇನ್ನೂ ಕರಗಿರಲಿಲ್ಲ. ಅಂಕೋಲಾ ಬಂದ ಮೇಲೆ ಕಿಟಕಿಯಿಂದ ಬರುವ ಗಾಳಿಯೇ ಬೇರೆ. ಅಲ್ಲಿಂದ ಕಾರವಾರದವರೆಗೆ ಗುಡ್ಡ ಒಂದು ಕಡೆ, ಕಡಲು ಒಂದು ಕಡೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೋಡಿಬಾಗ ಮುಟ್ಟಿದೆವು.

ಮಾವ ಮನೆಯಲ್ಲಿ ಊಟಕ್ಕೆ ಕೂರಿಸಲಿಲ್ಲ. ಸೀದಾ ಪೇಟೆಯ ಒಂದು ಸಣ್ಣ ಖಾನಾವಳಿಗೆ ಕರೆದುಕೊಂಡು ಹೋದರು. ನಾನು ಘಟ್ಟದ ಮೇಲಿನವನು, ಮೀನು ತಿನ್ನಲು ಕಲಿತದ್ದು ಮದುವೆಯಾದ ಮೇಲೆ. ಕುಚ್ಚಲಕ್ಕಿ ಅನ್ನ, ತೆಪ್ಪಳ ಅನ್ನುವ ಕಾಯಿ ಹಾಕಿದ ಬಂಗಡೆ ಸಾರು, ರವೆ ಹಚ್ಚಿ ಹುರಿದ ನೊಗ್ಲೆ, ಒಂದು ಲೋಟ ಸೋಲ್ ಕಡಿ. ಸಾರಿನಲ್ಲಿ ತೆಪ್ಪಳ ನಾಲಿಗೆಗೆ ಸಿಕ್ಕಿದರೆ ಒಂದು ಕ್ಷಣ ಜುಮ್ ಅನ್ನುತ್ತದೆ. ಅದರ ಹಿಂದೆಯೇ ತಣ್ಣಗಿನ ಸೋಲ್ ಕಡಿ ಕುಡಿಯಬೇಕು. ಕ್ರೂಸಿನಿಂದ ಬಂದರಿನ ಊರಲ್ಲಿ ಇಳಿದವರು ಊಟಕ್ಕೆ ಹಡಗಿಗೇ ವಾಪಸ್ ಹೋಗುತ್ತಾರಂತೆ, ಅಲ್ಲಿ ಊಟದ ದುಡ್ಡು ಮೊದಲೇ ಕಟ್ಟಿರುತ್ತದೆ ಅಂತ. ಹಾಗೆ ಮಾಡಬೇಡಿ ಅನ್ನುವುದು ಮಾವನ ಮೊದಲ ಪಾಠ.

ಎರಡನೇ ಪಾಠ ಕೈ ತೊಳೆಯುವ ಮೊದಲೇ ಶುರುವಾಯಿತು. ಪ್ಯಾಕೇಜಿನ ಕಾಗದ ತೆಗೆದು ನೋಡಿದರು. ಒಂದು ಬಂದರಿಗೆ ಬೆಳಗ್ಗೆ 8ರಿಂದ ಸಂಜೆ 5 ಅಂತ ಇತ್ತು. "ಕಾಗದದಲ್ಲಿ ಒಂಬತ್ತು ತಾಸು. ಹಡಗು ಕಟ್ಟಿ, ತಪಾಸಣೆ ಮುಗಿದು, ಸಾವಿರಾರು ಜನರ ಸಾಲಿನಲ್ಲಿ ನೀವು ಕೆಳಗಿಳಿಯುವಾಗ ಒಂದು ತಾಸು ಹೋಯ್ತು. ಹೊರಡುವ ಅರ್ಧ ತಾಸು, ಒಂದು ತಾಸು ಮೊದಲೇ ಎಲ್ಲರೂ ಒಳಗಿರಬೇಕು. ರಸ್ತೆಯಲ್ಲಿ ತಡವಾದರೆ ಅಂತ ಇನ್ನೊಂದು ತಾಸು ಕೈಯಲ್ಲಿ ಇಟ್ಕಬೇಕು. ಉಳಿದದ್ದು ಆರು. ಈಗ ಹೇಳಿ, ಬಂದರಿಂದ ಊರು ಎಷ್ಟು ದೂರ?"

ಇದು ನಾವು ಕೇಳಿಕೊಂಡೇ ಇರದ ಪ್ರಶ್ನೆ. ಕಾಗದದಲ್ಲಿ ಊರಿನ ಹೆಸರು ದೊಡ್ಡದಾಗಿ ಇರುತ್ತದೆ, ಹಡಗು ನಿಲ್ಲುವ ಜಾಗ ಬೇರೆಯೇ ಆಗಿರುತ್ತದೆ. ರೋಮ್ ಅಂದರೆ ಹಡಗು ನಿಲ್ಲುವುದು ಚಿವಿಟವೆಕ್ಕಿಯಾದಲ್ಲಿ, ಅಲ್ಲಿಂದ ರೋಮ್ ಸುಮಾರು 70-80 ಕಿ.ಮೀ. ಬ್ಯಾಂಕಾಕ್ ಅಂದರೆ ದೊಡ್ಡ ಹಡಗುಗಳು ನಿಲ್ಲುವ ಲೇಮ್ ಚಬಾಂಗ್, ನೂರು ಕಿ.ಮೀ.ಗಿಂತ ಜಾಸ್ತಿ ದೂರ. ನಮ್ಮ ಪಕ್ಕದ ಗೋವಾ ಕೂಡ ಹಾಗೆಯೇ. ಹಡಗು ನಿಲ್ಲುವುದು ವಾಸ್ಕೋದ ಮರ್ಮಗೋವಾದಲ್ಲಿ, ಪಣಜಿಗೆ ಅಲ್ಲಿಂದ ಸುಮಾರು 30 ಕಿ.ಮೀ. ಪೋರ್ಟ್ ಕ್ಲಾಂಗ್‌ನಿಂದ ಕ್ವಾಲಾಲಂಪುರಕ್ಕೂ ಸುಮಾರು ಒಂದು ತಾಸಿನ ದಾರಿ. ಪೆನಾಂಗ್ ಮಾತ್ರ ಬೇರೆ. ಅಲ್ಲಿ ಹಡಗು ಕಟ್ಟುವ ಧಕ್ಕೆಯೇ ಜಾರ್ಜ್ ಟೌನಿನಲ್ಲಿದೆ. ಹಡಗಿನಿಂದ ಇಳಿದು ನಡೆದುಕೊಂಡೇ ಹಳೇ ಪೇಟೆಗೆ ಹೋಗಬಹುದು. ಮಾವ ಪೆನಾಂಗ್ ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು.

"ಈಗ ನೀವು ಕಾರವಾರದಲ್ಲಿ ಇಳಿದ ಪ್ಯಾಸೆಂಜರ್. ಸಂಜೆಯವರೆಗೆ ಹೊತ್ತಿದೆ. ಎಂತ ನೋಡ್ತೀರಿ?" ಅಂದರು. ಹೆಂಡತಿ ಬಾಲ್ಯದಿಂದ ಬಂದುಹೋದ ಊರು, ಬಡಬಡ ಪಟ್ಟಿ ಹೇಳಿದಳು. ಚಪಲ್ ಯುದ್ಧನೌಕೆ, ಸದಾಶಿವಗಡ, ದೇವಬಾಗ, ಕೂರ್ಮಗಡ. ಮಾವ ಎರಡನ್ನು ಇಟ್ಟುಕೊಂಡು ಎರಡನ್ನು ಹೊಡೆದು ಹಾಕಿದರು. ಕೂರ್ಮಗಡ ದ್ವೀಪಕ್ಕೆ ಹೋಗುವುದಾದರೆ ಪುಷ್ಯ ಹುಣ್ಣಿಮೆಯ ನರಸಿಂಹ ದೇವರ ಜಾತ್ರೆಗೇ ಬರಬೇಕು, ಆವತ್ತು ಇಡೀ ಬಂದರಿನ ಬೋಟುಗಳು ಅಲ್ಲಿಗೆ ಹೋಗುತ್ತವೆ, ಸುಮ್ನೆ ಇಂಥ ದಿನ ಓಡಿ ಮುಟ್ಟಿ ಬರುವ ಜಾಗ ಅಲ್ಲ ಅಂದರು.

ಚಪಲ್ ಇರುವುದು ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ. 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿಯಾದ ಕ್ಷಿಪಣಿ ದೋಣಿ. ಮರುವರ್ಷದಿಂದ ಮ್ಯೂಸಿಯಂ ಆಗಿ ಮರಳಿನ ಮೇಲೆ ನಿಂತಿದೆ. ಒಳಗೆ ಇಕ್ಕಟ್ಟು. ನಾವೆಲ್ಲ ಕಬ್ಬಿಣದ ಏಣಿಯಲ್ಲಿ ಮನೆಯ ಮೆಟ್ಟಿಲು ಇಳಿದಂತೆ ಮುಂದೆ ಮುಖ ಮಾಡಿ ಇಳಿದೆವು. ಮಾವ ತಿರುಗಿ ನಿಂತು, ಮುಖ ಏಣಿಯ ಕಡೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ಸರಸರ ಇಳಿದರು. ಅಷ್ಟು ವರ್ಷ ಆದರೂ ಕಾಲಿಗೆ ಅಭ್ಯಾಸ ತಪ್ಪಿರಲಿಲ್ಲ. ಹಡಗಿನಲ್ಲಿ ಎಲ್ಲ ಏಣಿಯನ್ನೂ ಹೀಗೇ ಇಳಿಯಬೇಕು, ನೀವು ಹೋಗುವ ಹಡಗು ಎಷ್ಟೇ ದೊಡ್ಡದಿರಲಿ, ಪಕ್ಕದ ಸಣ್ಣ ದೋಣಿಗೆ ಇಳಿಯುವಾಗ ಇದು ನೆನಪಿರಲಿ ಅಂದರು.

ಇದೇ ತೀರಕ್ಕೆ 1880ರ ದಶಕದಲ್ಲಿ ಇಪ್ಪತ್ತರ ಹರೆಯದ ಟ್ಯಾಗೋರ್ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹೋದದ್ದನ್ನು ಅವರು ಎಷ್ಟೋ ವರ್ಷಗಳ ಮೇಲೆ ನೆನೆದು ಬರೆದಿದ್ದಾರೆ. ಒಂದು ಊರು, ಒಂದು ನದಿ, ಒಂದು ದೋಣಿ. ಜೀವನಪೂರ್ತಿ ನೆನಪಿಗೆ ಅಷ್ಟು ಸಾಕಾಯಿತು ಅನ್ನುವುದು ನನಗೆ ತುಂಬಾ ಹಿಡಿಸಿತು.

ಸಂಜೆ ಕಾಳಿ ಸೇತುವೆ ದಾಟಿ ಸದಾಶಿವಗಡ ಹತ್ತಿದೆವು. ಸೋದೆಯ ಅರಸರು ಕಟ್ಟಿಸಿದ ಕೋಟೆ, ನಮ್ಮ ಶಿರಸಿ ಸೀಮೆಯವರು ನದಿಬಾಯಿ ಕಾಯಲು ಇಲ್ಲಿಯವರೆಗೆ ಬಂದಿದ್ದರು! ಈಗ ಒಂದೇ ಸೇತುವೆ. ಪಕ್ಕದ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು, ಒಂದು ಲಾರಿ ನೀರಿಗೆ ಹೋಯಿತು, ಚಾಲಕ ಬದುಕಿದ. ಮೇಲಿಂದ ನೋಡಿದರೆ ಕಾಳಿ ಕಡಲಿಗೆ ಸೇರುವ ಅಳಿವೆ ಪೂರ್ತಿ ಕಾಣುತ್ತದೆ. ಸಿಹಿನೀರಿನ ಹಸಿರು ಒಂದು ಕಡೆ, ಉಪ್ಪುನೀರಿನ ಬೂದು ಒಂದು ಕಡೆ. ಆಚೆ ದೇವಗಡದ ದೀಪಸ್ತಂಭ. ಅರಬ್ಬಿ ಸಮುದ್ರಕ್ಕೆ ಮುಖ ಮಾಡಿದ ಇಂಥ ಸಹಜ ಬಂದರು ನಮ್ಮ ರಾಜ್ಯಕ್ಕೆ ಇನ್ನೊಂದಿಲ್ಲ ಅಂತ ಮಾವ ಹೆಮ್ಮೆಯಿಂದ ಹೇಳಿದರು. ಗುಡ್ಡಗಳು ಅಡ್ಡ ನಿಂತು ಗಾಳಿ ತಡೆಯುವುದು ಬರಿಗಣ್ಣಿಗೇ ಕಾಣುತ್ತದೆ.

ಶನಿವಾರ, ಬೈತಖೋಲದಿಂದ ತದಡಿ

ಕತ್ತಲಿರುವಾಗಲೇ ಬೈತಖೋಲ ಮೀನುಗಾರಿಕೆ ಬಂದರಿಗೆ ಹೋದೆವು. ಬಂದರಿನ ಊರು ನೋಡಬೇಕಾದರೆ ಬೆಳಗ್ಗೆಯೇ ನೋಡಬೇಕು. ಟ್ರಾಲರ್‌ಗಳು ಒಂದರ ಪಕ್ಕ ಒಂದು ಅಂಟಿಕೊಂಡು ನಿಂತಿದ್ದವು. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಡೀಸೆಲ್ ವಾಸನೆ, ಬುಟ್ಟಿಗಟ್ಟಲೆ ಬಂಗಡೆ. ಮೀನು ಕೊಳ್ಳಲು ಬಂದ ಹೆಂಗಸರು ಕೊಂಕಣಿಯಲ್ಲಿ ಕೂಗಿ ದರ ಇಳಿಸುತ್ತಿದ್ದರು. ಒಬ್ಬರು ಬಂಗಡೆಯ ಕಿವಿರು ಎತ್ತಿ ನೋಡಿ, ಬೆರಳಿನಿಂದ ಹೊಟ್ಟೆ ಒತ್ತಿ, ಬುಟ್ಟಿ ಪಕ್ಕಕ್ಕೆ ತಳ್ಳಿದರು. ಅವರ ಹಿಂದೆ ನಿಂತಿದ್ದ ಮೂವರೂ ಆ ಬುಟ್ಟಿ ಮುಟ್ಟಲಿಲ್ಲ.

ಒಬ್ಬ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಬಲೆ ರಿಪೇರಿ ಮಾಡುತ್ತಾ ಕೂತಿದ್ದರು. ಮಾವನ ಪರಿಚಯದವರು. ಕ್ರೂಸ್ ವಿಷಯ ಕೇಳಿ, "ಯಾವ ತಿಂಗಳು?" ಅಂದರು. ಯಾವ ಹಡಗು, ಎಷ್ಟು ದುಡ್ಡು, ಇದ್ಯಾವುದೂ ಅಲ್ಲ. ಜೂನ್ ಮತ್ತು ಜುಲೈ ಇಲ್ಲಿ ಯಾಂತ್ರಿಕ ಬೋಟಿಗೆ ನಿಷೇಧ, ಮೀನು ಮರಿ ಮಾಡುವ ಕಾಲ. ಅದು ಬಿಟ್ಟರೂ ಅಕ್ಟೋಬರ್, ನವೆಂಬರಿನಲ್ಲಿ ಅರಬ್ಬಿಯಲ್ಲಿ ಯಾವಾಗ ವಾಯುಭಾರ ಕುಸಿತ ಆಗುತ್ತದೋ ಹೇಳಲು ಬರುವುದಿಲ್ಲ. "ಜನವರಿ ಕಳ್ದು ಫೆಬ್ರವರಿ ಅಂದ್ರೆ ಸಮುದ್ರ ತೊಟ್ಟಿಲಲ್ಲಿ ಮಲಗಿದ ಹಾಗೆ" ಅಂದರು. ನಮ್ಮ ಕಾಗದಗಳಲ್ಲಿ ನವೆಂಬರ್ ಕಡೆಯ ವಾರಕ್ಕೆ ರಿಯಾಯಿತಿ ಇತ್ತು. ಅದು ಯಾಕೆ ಅಂತ ಅಲ್ಲೇ ಅರ್ಥವಾಯಿತು.

ಕಾರವಾರ ಬಿಟ್ಟು ಅಂಕೋಲಾದಲ್ಲಿ ಚಹಾ ಮತ್ತು ಬನ್ಸ್. ಅಂಕೋಲಾ ಅಂದರೆ ಕರಿ ಈಶಾಡ ಮಾವು, 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಹಣ್ಣು. ನಾವು ಹೋದದ್ದು ಅದರ ಕಾಲ ಅಲ್ಲ. ಬೇಸಿಗೆಯಲ್ಲಿ ಈ ದಾರಿಯಲ್ಲಿ ಹೋಗುವವರು ಹಾಲಕ್ಕಿ ಹೆಂಗಸರ ಬುಟ್ಟಿಯಿಂದ ಒಂದು ಡಜನ್ ತೆಗೆದುಕೊಳ್ಳದೆ ಮುಂದೆ ಹೋಗಬಾರದು. ಬೇಲೇಕೇರಿ ಬಂದರು ಅಂಕೋಲಾಕ್ಕೆ ಮೊದಲೇ ಬಲಕ್ಕೆ ಉಳಿದಿತ್ತು. ಶಿರೂರಿನಲ್ಲಿ ಕಾರು ತಾನಾಗಿ ನಿಧಾನವಾಯಿತು. 2024ರ ಜುಲೈ 16ರಂದು ಕುಸಿದ ಗುಡ್ಡದ ಗಾಯ ಇನ್ನೂ ಹಾಗೇ ಕೆಂಪಗಿದೆ. ಕೆಳಗೆ ಗಂಗಾವಳಿ. ಯಾರೂ ಮಾತಾಡಲಿಲ್ಲ.

ಹೆದ್ದಾರಿ ಬಿಟ್ಟು ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ನಡುವೆ ತದಡಿಗೆ ಬಂದಾಗ ಮಧ್ಯಾಹ್ನ. ಇಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ನೀರು, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಇಲ್ಲಿಯವರೆಗೆ ಬರುತ್ತದೆ. ಹೊಂಡದ ಪಕ್ಕ ಆಡಿ ಬೆಳೆದವನು ನಾನು. ಅದೇ ನೀರು ಇಷ್ಟು ಅಗಲವಾಗಿ ಹರಡಿಕೊಂಡಿದ್ದು ನೋಡಿ ಮೈ ಜುಂ ಅಂದಿತು. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಸೇರಬೇಕಾದದ್ದೇ.

ನೀರು ಇಳಿದಿತ್ತು. ಅಳಿವೆಯ ನಡುವೆ ಮರಳು ದಿಬ್ಬಗಳು ಎದ್ದಿದ್ದವು. ಸೊಂಟದವರೆಗೆ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದರು. ಕಣ್ಣಿಗೆ ಏನೂ ಕಾಣದು. ಕಾಲಿನ ಬೆರಳಿನಿಂದ ಕೆಸರು ತಡವಿ, ಗಟ್ಟಿ ಸಿಕ್ಕಿದ ಕಡೆ ಬಗ್ಗಿ, ಕೈ ಹಾಕಿ ಎತ್ತುತ್ತಾರೆ. ದಡಕ್ಕೆ ಬಂದ ಒಬ್ಬ ಅಮ್ಮನ ಬುಟ್ಟಿ ನೋಡಲು ಕೇಳಿದೆವು. ಬೂದು ಬಣ್ಣದ ಚಿಪ್ಪು, ಮೇಲೆ ಸಣ್ಣ ಸಣ್ಣ ಗೆರೆ. ಒಂದನ್ನು ಹೆಂಡತಿಯ ಅಂಗೈ ಮೇಲೆ ಇಟ್ಟರು. ಬಾಯಿ ಸ್ವಲ್ಪ ತೆರೆದಿದ್ದ ಬಳಚು ಬೆರಳು ತಗುಲಿದ ಕೂಡಲೇ ಟಪ್ಪನೆ ಮುಚ್ಚಿತು. ಸಣ್ಣದನ್ನೆಲ್ಲ ಆರಿಸಿ ಅವರು ವಾಪಸ್ ನೀರಿಗೆ ಎಸೆದರು.

"ದಿನಾ ಎಷ್ಟು ಗಂಟೆಗೆ ಬರ್ತೀರಿ ಅಮ್ಮ?" ಅಂತ ಹೆಂಡತಿ ಕೇಳಿದಳು.

"ನೀರು ಇಳ್ದಾಗ ಬರೂದು ಮಗಾ, ಹತ್ದಾಗ ಹೋಗೂದು. ಇವತ್ತು ಒಂದು ಗಂಟೆಗೆ ಪೂರ್ತಿ ಇಳೀತದೆ. ನಾಳೆ ಎರಡರ ಹತ್ರ ಹತ್ರ."

ಅದು ಸರಿಯಾದ ಲೆಕ್ಕ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಚಂದ್ರನ ಹಿಂದೆ ಹೋಗುವ ನೀರು. ಸಣ್ಣ ಬಂದರುಗಳಲ್ಲಿ ಬೋಟು ಒಳಗೆ ಬರುವುದು, ಹೊರಗೆ ಹೋಗುವುದು ಇದರ ಮೇಲೆಯೇ. ಅಳಿವೆಯ ಬಾಯಲ್ಲಿ ಮರಳು ತುಂಬಿದ್ದರೆ ಭರತ ಬರುವವರೆಗೆ ಕಾಯಲೇಬೇಕು. ದ್ವೀಪ, ನದಿಬಾಯಿ, ಇಂಥ ಕಡೆ ಹೋಗುವವರು ಆ ದಿನದ ನೀರಿನ ಹೊತ್ತು ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಕಡಲತೀರ ಎಷ್ಟು ಅಗಲ ಇರುತ್ತದೆ, ಈಜಲು ಆಗುತ್ತದಾ, ದೋಣಿ ದಡ ಮುಟ್ಟುತ್ತದಾ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ನಮ್ಮ ಕಾರನ್ನು ಮಿರ್ಜಾನ್ ಮೇಲಿಂದ ಕುಮಟಾ ಸುತ್ತಿ ಬರಲು ಕಳಿಸಿದೆವು. ನಾವು ತದಡಿಯಿಂದ ತಾರಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ದಾಟುವುದು ಅಂತ ಮಾತಾಗಿತ್ತು. ಆದರೆ ತಾರಿಯವರು ಊಟಕ್ಕೆ ಹೋಗಿದ್ದರು. ಧಕ್ಕೆಯ ನೆರಳಿನಲ್ಲಿ ಕಾಯುತ್ತಾ ಕೂತೆವು. ಪಕ್ಕದಲ್ಲಿದ್ದ ರೈತರೊಬ್ಬರು ಗಜನಿ ಗದ್ದೆಯ ಕಗ್ಗ ಭತ್ತದ ಕಥೆ ಹೇಳಿದರು. ಉಪ್ಪುನೀರು ನುಗ್ಗಿದರೂ ಬದುಕುವ, ನೀರಿನಲ್ಲಿ ಮುಳುಗಿದರೂ ತಲೆ ಎತ್ತುವ ಭತ್ತ. ಗೊಬ್ಬರ ಹಾಕುವುದಿಲ್ಲ, ನೀರೇ ಹೊತ್ತು ತರುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಒಡ್ಡು ಒಡೆದರೆ ಎಲ್ಲ ಹೋಯಿತು, ಈಗ ಒಡ್ಡು ಕಟ್ಟಲು ಒಟ್ಟಿಗೆ ಬರುವ ಜನ ಕಡಿಮೆಯಾಗಿದ್ದಾರೆ ಅಂತ ಬೇಜಾರು ಮಾಡಿಕೊಂಡರು. ತಾರಿ ಬಂದು ಹೋಗಿ ಮತ್ತೆ ಬಂದಾಗ ಅವರೊಂದಿಗೇ ಹತ್ತಿದೆವು. ಬೈಕುಗಳು, ಶಾಲೆಯ ಮಕ್ಕಳು, ಒಂದು ಚೀಲ ತೆಂಗಿನಕಾಯಿ. ಈ ದಿನದ ಅತ್ಯುತ್ತಮ ಗಂಟೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಮಿರ್ಜಾನ್ ಕೋಟೆ ನೋಡಲು ಹೋಗಿದ್ದರೆ ಇದು ಸಿಗುತ್ತಿರಲಿಲ್ಲ. ಕೋಟೆ ಚೆಂದವೇ, ಆದರೆ ಅದಕ್ಕೆ ಬೇರೆ ದಿನ ಇಡಬೇಕು.

ರಾತ್ರಿ ಕುಮಟಾ. ಈ ಊರಿನ ಬಂದರಿಗೆ ಒಂದು ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಮೇಲೆ ಘಟ್ಟ ಇಳಿದು ಬರುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಈ ಊರಿನ ಹೆಸರೇ ಇತ್ತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿ ಕಾರವಾರಕ್ಕೆ ಪ್ರಾಮುಖ್ಯ ಬಂದ ಮೇಲೆ ವ್ಯಾಪಾರ ಅತ್ತ ಸರಿಯಿತು. ಈಗ ಇಲ್ಲಿ ಅದರ ಸುಳಿವು ಹುಡುಕಿದರೂ ಸಿಗುವುದು ಕಷ್ಟ.

ಭಾನುವಾರ, ಹೊನ್ನಾವರ

ಹೊನ್ನಾವರದಲ್ಲಿ ಶರಾವತಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಳುಮೆಣಸು ಈ ನದಿಯಲ್ಲೇ ಇಳಿದು ಬಂದು ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ಬೆಳಗ್ಗೆ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿದ ಮರದ ದಾರಿಯಲ್ಲಿ ನಡೆದೆವು. ಬಿಸಿಲೇರುವ ಮೊದಲು ಹೋದರೆ ಒಳ್ಳೆಯದು. ಬೇರುಗಳು ಕೆಸರಿನಿಂದ ಮೇಲಕ್ಕೆ ನೆಟ್ಟಗೆ ಎದ್ದಿರುತ್ತವೆ, ನಡುವೆ ಏಡಿಗಳು. ಅಲ್ಲೇ ಪಕ್ಕದ ಕಡಲತೀರಕ್ಕೆ 2020ರಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ.

ನದಿಯಲ್ಲಿ ದೋಣಿ ಸುತ್ತಾಟ ಬೆಳಗ್ಗೆಯೇ ಅಂತ ಮಾತಾಗಿತ್ತು. ಜೊತೆಗೆ ಬರಬೇಕಿದ್ದ ಇನ್ನೊಂದು ಕುಟುಂಬ ಬಂದದ್ದು ಹನ್ನೆರಡೂವರೆಗೆ. ಅಷ್ಟರಲ್ಲಿ ನೀರು ಸಾಕಷ್ಟು ಇಳಿದಿತ್ತು. ಕೊಂಕಣ ರೈಲ್ವೆಯ ಎರಡು ಕಿ.ಮೀ. ಉದ್ದದ ಸೇತುವೆಯ ಕಡೆ ಹೋಗಿ ತಿರುಗುವಾಗ ಒಂದೂಕಾಲರ ಸುಮಾರಿಗೆ ದೋಣಿಯ ಅಡಿ ಕರ್ ಅಂತ ಸದ್ದು ಮಾಡಿ ನಿಂತಿತು. ಮರಳು. ದೋಣಿಯ ಹುಡುಗ ಇಂಜಿನ್ ನಿಲ್ಲಿಸಿ ಜಿಗಿದ. ನೀರು ಅವನ ಮೊಣಕಾಲಿಗೂ ಬರಲಿಲ್ಲ. ಗಳ ಹಾಕಿ ತಳ್ಳಿದ, ನಾವೂ ಇಳಿದು ತಳ್ಳಿದೆವು, ಒಂದಡಿ ಜರುಗಿ ಮತ್ತೆ ಕೂತಿತು. ಮಾವನ ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು.

"ಹೆದ್ರಬೇಡಿ ಸರ್. ಎರಡು ಗಂಟೆ ಕಳ್ದ ಮೇಲೆ ನೀರು ಹತ್ತೂಕೆ ಶುರುವಾಗ್ತದೆ. ತಾನೇ ತೇಲ್ತದೆ" ಅಂದ ಹುಡುಗ. ತದಡಿಯ ಅಮ್ಮ ಹೇಳಿದ ಹೊತ್ತೇ ಅದು.

ಬಿಸಿಲು ಜೋರಿತ್ತು. ಇನ್ನೊಂದು ಕುಟುಂಬದ ಅಜ್ಜಿ ಸಂಚಿಯಿಂದ ಚಕ್ಕುಲಿ ತೆಗೆದು ಎಲ್ಲರಿಗೂ ಹಂಚಿದರು. ಮಕ್ಕಳು ದಿಬ್ಬದ ಮೇಲೆ ಏಡಿ ಹಿಂದೆ ಓಡುತ್ತಿದ್ದರು. ತಲೆ ಮೇಲಿನ ಸೇತುವೆಯಲ್ಲಿ ಒಂದು ರೈಲು ಹೋಯಿತು, ಅಷ್ಟು ಹೊತ್ತೂ ಮಕ್ಕಳು ಕೈ ಬೀಸಿದರು. ಮಾವ ಮಾತ್ರ ಇದನ್ನೂ ಪಾಠ ಮಾಡಿಕೊಂಡರು. "ಈಗ ಸಂಜೆ ಐದಕ್ಕೆ ನಿಮ್ಮ ಹಡಗು ಹೊರಡ್ತದೆ ಅಂತ ಇಟ್ಕಳಿ. ಹಡಗಿನವರೇ ಮಾಡಿದ ಸುತ್ತಾಟದಲ್ಲಿ ಹೀಗೆ ಸಿಕ್ಕಿಬಿದ್ದರೆ ಹಡಗು ಕಾಯ್ತದೆ. ನೀವೇ ಹೊರಗಿನ ಟ್ಯಾಕ್ಸಿ, ದೋಣಿ ಮಾಡ್ಕಂಡು ಹೋಗಿದ್ರೆ ಕಾಯೂದಿಲ್ಲ. ಮುಂದಿನ ಬಂದರಿಗೆ ನಿಮ್ಮ ದುಡ್ಡಲ್ಲಿ ನೀವೇ ಹೋಗಿ ಮುಟ್ಬೇಕು. ಪಾಸ್‌ಪೋರ್ಟ್ ಹಡಗಿನಲ್ಲಿ ಉಳಿದಿದ್ರೆ ಇನ್ನೂ ಕಷ್ಟ."

ಹಾಗಾದರೆ ಯಾವಾಗಲೂ ಹಡಗಿನವರ ಸುತ್ತಾಟವೇ ತೆಗೆದುಕೊಳ್ಳಬೇಕಾ ಅಂತ ಕೇಳಿದೆ. ಹಾಗಲ್ಲ ಅಂದರು. ದೂರದ ಜಾಗಕ್ಕೆ ಹಡಗಿನವರ ಬಸ್ಸು, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಬಂದರಿನ ಹತ್ತಿರ ಇರುವುದಕ್ಕೆ ನಮ್ಮ ಕಾಲು. ಹೆಂಡತಿ ಇನ್ನೊಂದು ಸೇರಿಸಿದಳು. ದೂರದ್ದನ್ನು ಮೊದಲು ನೋಡಿ ಬಂದು, ಉಳಿದ ಹೊತ್ತನ್ನು ಬಂದರಿನ ಪೇಟೆಯಲ್ಲೇ ಕಳೆಯಬೇಕು. ಮಾವ ಹೌದು ಹೌದು ಅಂದರು. ಗಡಿಯಾರವೂ ಒಂದು ವಿಷಯ. ಮಾಲ್ಡೀವ್ಸ್‌ನಲ್ಲಿ ನಮಗಿಂತ ಅರ್ಧ ಗಂಟೆ ಹಿಂದೆ, ಶ್ರೀಲಂಕಾದಲ್ಲಿ ನಮ್ಮದೇ ಹೊತ್ತು. ಹಡಗು ಯಾವ ಗಡಿಯಾರ ಹಿಡಿಯುತ್ತದೆ ಅಂತ ಇಳಿಯುವ ಮೊದಲೇ ಕೇಳಿಕೊಳ್ಳಬೇಕು. ಮೊಬೈಲು ಊರಿನ ಹೊತ್ತಿಗೆ ತಾನೇ ಬದಲಾಗುತ್ತದೆ, ಅದನ್ನು ನಂಬಿ ಕೂರಬಾರದು. ಒಂದು ಮಾಮೂಲಿ ಕೈಗಡಿಯಾರ ಹಡಗಿನ ಹೊತ್ತಿಗೆ ಇಟ್ಟುಕೊಂಡರೆ ಆಯಿತು.

ಎರಡೂವರೆ ದಾಟಿದ ಮೇಲೆ ದೋಣಿ ಒಂದು ಸಲ ಅಲುಗಿತು. ಹುಡುಗ ನಕ್ಕ. ಗಳ ಊರಿ ಒಂದೇ ತಳ್ಳಿಗೆ ನಡುನೀರಿಗೆ ತಂದ. ಊಟ ಮಾಡುವಾಗ ನಾಲ್ಕಾಗಿತ್ತು. ಅನ್ನ, ತೊವ್ವೆ, ಬಸಳೆ ಹುಳಿ, ಮಿಡಿ ಉಪ್ಪಿನಕಾಯಿ. ಹಸಿದಿದ್ದಕ್ಕೋ ಏನೋ, ಈ ಪ್ರವಾಸದ ಅತಿ ರುಚಿಯ ಊಟ ಅದೇ. ಮಾವನಿಗೆ ಪೇಟೆಯಲ್ಲಿ ಹೊಸ ಚಪ್ಪಲಿ ಕೊಂಡೆವು.

ಸೋಮವಾರ, ಮುರುಡೇಶ್ವರ ಮತ್ತು ಭಟ್ಕಳ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವುದು ಹೆಂಡತಿಯ ದೊಡ್ಡ ಆಸೆ. ದಡದಿಂದ ಸುಮಾರು 19 ಕಿ.ಮೀ. ದೂರ, ಹವಳ, ಬಣ್ಣ ಬಣ್ಣದ ಮೀನು. ಬೆಳಗ್ಗೆ ಧಕ್ಕೆಗೆ ಹೋದರೆ ಬೋಟುಗಳು ಕಟ್ಟಿದಲ್ಲೇ ಇದ್ದವು. ರಾತ್ರಿಯಿಂದ ಗಾಳಿ ಎದ್ದಿದೆ, ಇವತ್ತು ಬಿಡುವುದಿಲ್ಲ ಅಂದರು. ದಡದಲ್ಲಿ ನಿಂತು ನೋಡಿದರೆ ಅಂಥ ಅಲೆ ಏನೂ ಕಾಣುತ್ತಿರಲಿಲ್ಲ. ದ್ವೀಪದ ಹತ್ತಿರ ದೋಣಿ ನಿಲ್ಲಿಸುವುದೇ ಕಷ್ಟ, ಅಲ್ಲಿ ಧಕ್ಕೆ ಇಲ್ಲ, ಜನ ನೀರಿಗೆ ಇಳಿಯಬೇಕು ಅಂತ ಬೋಟಿನವರು ಬಿಡಿಸಿ ಹೇಳಿದರು. ದುಡ್ಡು ವಾಪಸ್ ಕೊಟ್ಟರು. ಇಂಥವರನ್ನು ಮೆಚ್ಚಲೇಬೇಕು. ಬಂದ ಗಿರಾಕಿಯನ್ನು ಬಿಡದೆ ಕರೆದುಕೊಂಡು ಹೋಗುವವರೂ ಇರುತ್ತಾರೆ.

ಹೆಂಡತಿಗೆ ಬೇಜಾರಾಗಿತ್ತು. ದೇವರ ದರ್ಶನ ಮಾಡಿ ಇಪ್ಪತ್ತು ಅಂತಸ್ತಿನ ರಾಜಗೋಪುರದ ಲಿಫ್ಟಿನಲ್ಲಿ ಮೇಲೆ ಹೋದೆವು. ಅಲ್ಲಿಂದ ನೋಡಿದಾಗ ಕಡಲಿನ ಮೇಲೆ ದೂರದವರೆಗೂ ಬಿಳಿ ನೊರೆ. ಕೆಳಗೆ ಶಿವನ ದೊಡ್ಡ ಮೂರ್ತಿ. ಬೋಟಿನವರು ಹೇಳಿದ್ದು ಸರಿ ಅಂತ ಅವಳೇ ಒಪ್ಪಿಕೊಂಡಳು.

ಫುಕೆಟ್‌ನ ಪಟಾಂಗ್, ಲಕ್ಷದ್ವೀಪದ ದ್ವೀಪಗಳು, ಎಲ್ಲ ಇದೇ ಬಗೆಯ ನಿಲ್ದಾಣ. ಹಡಗು ಸಾಮಾನ್ಯವಾಗಿ ಧಕ್ಕೆಗೆ ಕಟ್ಟುವುದಿಲ್ಲ. ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಗಾಳಿ ಜಾಸ್ತಿಯಾದರೆ ಆ ನಿಲ್ದಾಣವನ್ನೇ ಬಿಟ್ಟು ಹಡಗು ಮುಂದೆ ಹೋಗುತ್ತದೆ. ಹಾಗಾಗಿ ಕಾಗದದಲ್ಲಿ ಧಕ್ಕೆಗೆ ಕಟ್ಟುವ ಬಂದರು ಯಾವುದು, ದೋಣಿಯಲ್ಲಿ ಇಳಿಸುವುದು ಯಾವುದು ಅಂತ ಗುರುತು ಹಾಕಿಕೊಳ್ಳಬೇಕು. ಎಲ್ಲವೂ ದೋಣಿಯವೇ ಆದರೆ ಸಮುದ್ರ ಶಾಂತವಿರುವ ತಿಂಗಳೇ ಬೇಕು. ವಾಕರಿಕೆ ಬರುವವರು ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆ ಕೇಳಿ ತೆಗೆದುಕೊಳ್ಳಬೇಕು. ಅಲುಗಾಟ ಅಲ್ಲಿ ಕಡಿಮೆ. ಮಾವ ಇಂಜಿನ್ ಕೋಣೆಯಲ್ಲಿ ಅಷ್ಟು ವರ್ಷ ನೆಮ್ಮದಿಯಾಗಿ ಊಟ ಮಾಡಿದ್ದು ಅದೇ ಕಾರಣಕ್ಕಂತೆ.

ಭಟ್ಕಳಕ್ಕೆ ಬಂದಾಗ ಹಸಿವು. ಭಟ್ಕಳದ ಬಿರಿಯಾನಿಯಲ್ಲಿ ಈರುಳ್ಳಿಯೇ ಮುಖ್ಯ. ಕೆಂಪಗೆ ಬೇಯಿಸಿದ ಈರುಳ್ಳಿ ಮಸಾಲೆ ಅಡಿಯಲ್ಲಿ, ಮೇಲೆ ಬಿಳಿ ಅನ್ನ. ಖಾರ ಕಡಿಮೆ, ತಿಂದ ಮೇಲೂ ಹೊಟ್ಟೆ ಹಗುರ. ಹೊಟೇಲಿನ ಹಿರಿಯರು ನವಾಯತಿ ಮಾತಾಡುತ್ತಿದ್ದವರು ನಮಗಾಗಿ ಕನ್ನಡಕ್ಕೆ ಬಂದರು. ವಿಜಯನಗರದ ಸೈನ್ಯಕ್ಕೆ ಅರಬ್ ಕುದುರೆಗಳು ಇಳಿಯುತ್ತಿದ್ದದ್ದು ಈ ಬಂದರಿನಲ್ಲೇ. ಅವರ ಹಿರಿಯರೂ ಕಡಲ ವ್ಯಾಪಾರಕ್ಕೆ ಬಂದು ಇಲ್ಲಿಯವರೇ ಆದವರು. ಮಕ್ಕಳು ಈಗ ದುಬೈಯಲ್ಲಿ. "ಆಗ ಅಲ್ಲಿಂದ ಇಲ್ಲಿಗೆ, ಈಗ ಇಲ್ಲಿಂದ ಅಲ್ಲಿಗೆ" ಅಂದರು. ಊಟದ ಮೇಲೆ ಕೇತಪೈ ನಾರಾಯಣ ದೇವಸ್ಥಾನಕ್ಕೆ ಹೋದೆವು. ಸಣ್ಣ ಗುಡಿ. ಗೋಡೆಯ ಮೇಲಿನ ರಾಮಾಯಣದ ಕಲ್ಲಿನ ಕೆತ್ತನೆ ನೋಡಲು ಬಗ್ಗಿ ನಿಲ್ಲಬೇಕು. ಕಲ್ಲಿನಲ್ಲೇ ಮರದ ಮನೆಯಂತೆ ಇಳಿಜಾರು ಮಾಡು ಕಟ್ಟಿದ್ದಾರೆ, ಈ ಕಡೆಯ ಮಳೆ ಗೊತ್ತಿದ್ದವರ ಕೆಲಸ.

ಸಂಜೆ ಭಟ್ಕಳದ ಬಂದರಿನಲ್ಲಿ ಕೂತು ಮೂರು ಕಾಗದವನ್ನೂ ಮತ್ತೆ ಬಿಡಿಸಿದೆವು. ಗೋವಾ ಪ್ಯಾಕೇಜ್ ಮೊದಲು ಹೋಯಿತು. ಹಡಗಿನ ಒಳಗೆ ಕಳೆಯುವ ಹೊತ್ತೇ ಜಾಸ್ತಿ, ಗೋವಾ ನಮಗೆ ಕಾರವಾರದಿಂದ ರಸ್ತೆಯಲ್ಲೇ ಹತ್ತಿರ. ಹಡಗೇ ಬೇಕು, ಊರು ಬೇಡ ಅನ್ನುವವರಿಗೆ ಅದು ಒಳ್ಳೆಯದೇ. ಸಿಂಗಾಪುರದ್ದರಲ್ಲಿ ಪೆನಾಂಗ್‌ನಲ್ಲಿ ಒಂದು ದಿನ ನೆಲ ಸಿಗುತ್ತದೆ, ಕ್ವಾಲಾಲಂಪುರ ಬಸ್ಸಿನ ಕಿಟಕಿಯಿಂದ, ಫುಕೆಟ್ ಗಾಳಿಯ ಕೈಯಲ್ಲಿ. ಪೆನಾಂಗಿಗೆ ಬೇರೆಯಾಗಿ ವಿಮಾನದಲ್ಲೇ ಹೋಗಿ ಇರೋಣ ಅಂತ ಹೆಂಡತಿಯೇ ಅಂದಳು. ಲಕ್ಷದ್ವೀಪದ ಹಡಗು ರಾತ್ರಿ ಓಡುತ್ತದೆ, ಹಗಲು ಪೂರ್ತಿ ದ್ವೀಪದಲ್ಲಿ. ದೋಣಿಯಿಂದ ಇಳಿದ ಕೂಡಲೇ ಊರು, ಹವಳದ ಸರೋವರ, ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ, ಸೂರೆ (ಟ್ಯೂನಾ) ಮೀನು ಒಣಗಿಸುವ ಹಳ್ಳಿಗಳು. ಎಲ್ಲ ನಡಿಗೆಯ ದೂರದಲ್ಲಿ ಅಥವಾ ಹತ್ತಿರದಲ್ಲಿ. ನಿಲ್ದಾಣಗಳು ಹೆಚ್ಚಾಗಿ ದೋಣಿಯವು ಅನ್ನುವುದೊಂದೇ ಅಳುಕು. ಅದಕ್ಕೆ ಬೈತಖೋಲದ ತಾಂಡೇಲರು ಹೇಳಿದ ಫೆಬ್ರವರಿ.

ಊರಿಗೆ ಬಂದ ಮೇಲೆ ಫೆಬ್ರವರಿಗೇ ಕೇಳಿ ಹಾಕಿದ್ದೇವೆ. ದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದರ ಕಾಗದ ಈಗಲೇ ಜೋಡಿಸುತ್ತಿದ್ದೇವೆ. ಹಡಗು ಹೊರಡುವ ಹಿಂದಿನ ದಿನವೇ ಕೊಚ್ಚಿ ಮುಟ್ಟುವಂತೆ ರೈಲು ಮಾಡಿದ್ದೇವೆ. ರೈಲು ತಡವಾದರೂ ಹಡಗು ತಪ್ಪುವುದಿಲ್ಲ, ಫೋರ್ಟ್ ಕೊಚ್ಚಿಯಲ್ಲಿ ಒಂದು ಸಂಜೆ ಬೇರೆ ಸಿಗುತ್ತದೆ. ಮಾವನಿಗೂ ಒಂದು ಟಿಕೆಟ್ ತೆಗೆದಿದ್ದೇವೆ. ಕೆಳಗಿನ ಅಂತಸ್ತು, ನಡುಭಾಗ.